ಚೆಂಡು ಹೊಲಿದವರು

ಏಷ್ಯಾದ ಸೆವೆನ್ಸ್ ರಗ್ಬಿ ಸರಣಿ ಅಂದರೆ ನಮ್ಮ ಕೇರಿಯ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಕಬಡ್ಡಿ ಅಂದರೆ ಮೈಯೆಲ್ಲ ಕಿವಿ. ಇದೂ ಕಬಡ್ಡಿಯಂತೆ ಒಂದು ಕಡೆಗೆ ಏಳು ಜನರ ಆಟವೇ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು. ಎದುರಿನವನು ಸೊಂಟವನ್ನೋ ಕಾಲನ್ನೋ ತಬ್ಬಿ ನೆಲಕ್ಕೆ ಕೆಡವಬೇಕು. ಏಳು ನಿಮಿಷ, ಒಂದಿಷ್ಟು ಉಸಿರು, ಮತ್ತೆ ಏಳು ನಿಮಿಷ, ಮುಗೀತು. ಮೈ ಮುಟ್ಟದೆ ಆಡಲಾಗದ ಆಟ. ಮಡಿವಂತರಿಗೆ ಇದು ಒಗ್ಗೋದಿಲ್ಲ ಬಿಡಿ.

2009ರಲ್ಲಿ ಶುರುವಾದ ಈ ಸರಣಿಯಲ್ಲಿ ಆಡುವವು ದೇಶಗಳ ತಂಡಗಳು. ಒಂದೇ ಋತುವಿನಲ್ಲಿ ಬೇರೆ ಬೇರೆ ನಗರಗಳಲ್ಲಿ ಸೇರಿ ಆಡುತ್ತವೆ, ಎಲ್ಲ ಕಡೆಯ ಅಂಕ ಕೂಡಿಸಿ ಗೆದ್ದವರು ಯಾರೆಂದು ಹೇಳುತ್ತಾರೆ. ಹಾಂಗ್‌ಕಾಂಗ್, ಜಪಾನ್, ಚೀನಾ ಮೇಲಿನ ಮೆಟ್ಟಿಲಿನವು. ಅದರ ಕೆಳಗೆ ಟ್ರೋಫಿ ಎಂಬ ಇನ್ನೊಂದು ಪಂದ್ಯಾವಳಿಯಿದೆ. ಭಾರತದ ತಂಡಗಳು ಅಲ್ಲೂ ಬೆವರು ಸುರಿಸಿವೆ. ಈ ಆಟ ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂದು ಕೇಳಿದರೆ ಪುಸ್ತಕಗಳು ಒಬ್ಬ ಹುಡುಗನ ಹೆಸರು ಹೇಳುತ್ತವೆ. ವಿಲಿಯಂ ವೆಬ್ ಎಲಿಸ್. 1823ರಲ್ಲಿ ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಕಾಲ್ಚೆಂಡು ಆಡುವಾಗ ಚೆಂಡನ್ನು ಕೈಗೆತ್ತಿಕೊಂಡು ಓಡಿಬಿಟ್ಟನಂತೆ. ಮುಂದೆ ಪಾದ್ರಿಯಾದ. ಈ ಕತೆಗೆ ಗಟ್ಟಿ ಪುರಾವೆ ಇಲ್ಲ. ಆದರೂ 1987ರಿಂದ ನಡೆಯುತ್ತಿರುವ ಪುರುಷರ ವಿಶ್ವಕಪ್ಪಿಗೆ ಅವನದೇ ಹೆಸರು. ಪುರಾಣ ಕಟ್ಟೋದು ನಮ್ಮ ಪುರೋಹಿತರಿಗೆ ಮಾತ್ರ ಬರುವ ವಿದ್ಯೆ ಅಂತ ನಾನು ತಿಳಿದಿದ್ದೆ.

ಅವನು ಎತ್ತಿಕೊಂಡ ಚೆಂಡನ್ನು ಹೊಲಿದವರು ಯಾರು? ಆ ಶಾಲೆಯ ಎದುರಿಗೇ ರಿಚರ್ಡ್ ಲಿಂಡನ್ ಎಂಬ ಮೋಚಿಯ ಅಂಗಡಿಯಿತ್ತು. ಎಲಿಸನ ಕಾಲಕ್ಕೆ ಅವನಿನ್ನೂ ಏಳು ವರ್ಷದ ಕೂಸು. ದೊಡ್ಡವನಾಗಿ ಸಾಹುಕಾರರ ಮಕ್ಕಳಿಗೆ ಬೂಟು ಹೊಲಿದ, ಜೊತೆಗೆ ಚೆಂಡೂ ಹೊಲಿದ. ಹೊರಗೆ ತೊಗಲು, ಒಳಗೆ ಹಂದಿಯ ಹಸಿ ಮೂತ್ರಕೋಶ. ಅದಕ್ಕೆ ಬಾಯಿಟ್ಟು ಗಾಳಿ ತುಂಬಬೇಕು. ಆ ಕೆಲಸ ಅವನ ಹೆಂಡತಿ ರೆಬೆಕಾಳದು. ದಿನಾ ಊದಿದಳು. ರೋಗ ಹಿಡಿದ ಹಂದಿಗಳ ಮೂತ್ರಕೋಶದ ಗಾಳಿ ಶ್ವಾಸಕೋಶಕ್ಕೆ ಇಳಿದು ಕಾಯಿಲೆ ಬಿದ್ದು ಸತ್ತಳು. 1862ರ ಸುಮಾರಿಗೆ ಲಿಂಡನ್ ಹಂದಿಯದನ್ನು ಬಿಟ್ಟು ರಬ್ಬರಿನ ಚೀಲ ಹಾಕಿದ. ರಬ್ಬರು ಬಾಯಲ್ಲಿ ಊದಲು ಬಗ್ಗದೆ ಹಿತ್ತಾಳೆಯ ಪಂಪು ಮಾಡಿದ. ಯಾವುದಕ್ಕೂ ಹಕ್ಕುಪತ್ರ ಮಾಡಿಸಿಕೊಳ್ಳಲಿಲ್ಲ. ಅವನ ಹೆಸರಿನ ಕಪ್ಪು ಇಲ್ಲ, ರೆಬೆಕಾಳ ಹೆಸರಿನದಂತೂ ಇಲ್ಲವೇ ಇಲ್ಲ. ಇದನ್ನು ಓದಿದ ದಿನ ನನಗೆ ತಮಟೆಗೆ ತೊಗಲು ಹದ ಮಾಡುವ ನಮ್ಮ ಮುದುಕರು ನೆನಪಾದರು. ಜಾತ್ರೆಗೆ ತಮಟೆ ಬೇಕು, ತಮಟೆಯವರು ಗುಡಿಯ ಹೊರಗೆ ನಿಲ್ಲಬೇಕು.

ಏಳು ಜನರ ಆಟ ಹುಟ್ಟಿದ್ದೂ ಅಂಥದೇ ಕಡೆ. ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಸಣ್ಣ ಊರಲ್ಲಿ ಕ್ಲಬ್ಬಿನ ಗಲ್ಲಾ ಖಾಲಿಯಾಗಿತ್ತು. ಒಂದು ದಿನದ ಪಂದ್ಯಾವಳಿ ಇಟ್ಟು ಕಾಸು ಕೂಡಿಸೋಣ, ಹದಿನೈದು ಜನರ ತಂಡವಾದರೆ ಒಂದೇ ದಿನಕ್ಕೆ ಮುಗಿಯೋದಿಲ್ಲ, ಏಳೇ ಜನ ಸಾಕು ಎಂದವನು ನೆಡ್ ಹೇಗ್. ಕಸಾಯಿ ಅಂಗಡಿಯಲ್ಲಿ ಕೆಲಸದ ಆಳು. 1883ರ ಏಪ್ರಿಲ್‌ನಲ್ಲಿ ಅದು ನಡೆಯಿತು.

ಆದರೆ ದುಡಿಯುವವರಿಗೆ ಈ ಆಟ ಸಲೀಸಾಗಿ ಸಿಗಲಿಲ್ಲ. ಇಂಗ್ಲೆಂಡಿನ ಉತ್ತರದ ಗಣಿ ಕೂಲಿಗಳು, ಗಿರಣಿ ಕೂಲಿಗಳು ಶನಿವಾರ ಆಡಿದರೆ ಆ ದಿನದ ಕೂಲಿ ಖೋತಾ. ಖೋತಾ ಆದಷ್ಟನ್ನಾದರೂ ತುಂಬಿಕೊಡಿ ಎಂದು ಕೇಳಿದರು. ಶುದ್ಧ ಆಟಕ್ಕೆ ಹಣ ಮೈಲಿಗೆ ಎಂದರು ದೊಡ್ಡವರು. ಅವರಿಗೇನ್ರೀ, ಎಸ್ಟೇಟಿನ ಗುತ್ತಿಗೆ ಮನೆ ಬಾಗಿಲಿಗೆ ಬರ್ತಿತ್ತು. 1893ರಲ್ಲಿ ಈ ಬೇಡಿಕೆ ಬಿದ್ದುಹೋಯಿತು. 1895ರ ಆಗಸ್ಟ್ 29ರಂದು ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡಿನ ಹೋಟೆಲೊಂದರಲ್ಲಿ ಸೇರಿ ಬೇರೆ ಮನೆ ಹೂಡಿದವು. ಅಲ್ಲಿ ಖೋತಾ ಕೂಲಿಗೆ ದಿನಕ್ಕೆ ಆರು ಶಿಲ್ಲಿಂಗಿನ ಮಿತಿ. ಹಳೆಯ ಮನೆಯವರು ಆಟಗಾರನಿಗೆ ಸಂಬಳ ಕೊಡಬಹುದು ಎಂದು ಒಪ್ಪಿದ್ದು ಯಾವಾಗ ಗೊತ್ತೇ? 1995ರ ಆಗಸ್ಟ್. ಸರಿಯಾಗಿ ನೂರು ವರ್ಷ.

ಏಷ್ಯಾಕ್ಕೆ ಈ ಆಟ ತಂದವರು ಕೂಲಿಗಳಲ್ಲ, ದೊರೆಗಳು. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿ ಬಿಳಿಯರು ತಮ್ಮತಮ್ಮಲ್ಲೇ ಎರಡು ತಂಡವಾಗಿ ಆಡಿದರು. ಮುಂದಿನ ವರ್ಷ ಕ್ಲಬ್ಬು ಕಟ್ಟಿದರು. ನಾಲ್ಕೈದು ವರ್ಷಕ್ಕೆ ಬೇಸರ ಬಂತು, ಪೋಲೋ, ಟೆನ್ನಿಸ್ ಕಡೆ ಹೊರಟರು. ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿ ತೆಗೆದು, 270 ನಾಣ್ಯ ಕರಗಿಸಿ ಒಂದು ಬಟ್ಟಲು ಮಾಡಿಸಿದರು. ಹಿಡಿಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ಮಾಡಿದ ಕೈ ಭಾರತದ ಕುಶಲಕರ್ಮಿಗಳದು. 1878ರಲ್ಲಿ ಇಂಗ್ಲೆಂಡಿಗೆ ಕಾಣಿಕೆ ಹೋಯಿತು. 1879ರಿಂದ ಇಂಗ್ಲೆಂಡು, ಸ್ಕಾಟ್ಲೆಂಡು ಅದಕ್ಕಾಗಿ ಆಡುತ್ತಿವೆ. ಹೆಸರು ಕಲ್ಕತ್ತಾ ಕಪ್.

ಆ ಬೆಳ್ಳಿ ಕರಗಿದ ಕಾಲ ನಮ್ಮ ಕಡೆ ಯಾವ ಕಾಲ ಅಂತೀರಿ? ಧಾತು, ಈಶ್ವರ ಸಂವತ್ಸರಗಳ ಬರ. ಮದ್ರಾಸು ಸೀಮೆಯ ಬರ ಕಾಮಗಾರಿಯಲ್ಲಿ 1877ರಲ್ಲಿ ರಿಚರ್ಡ್ ಟೆಂಪಲ್ ದೊರೆ ಗಂಡಾಳಿಗೆ ಗೊತ್ತುಮಾಡಿದ ಕೂಲಿ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆ ಕಾಸು. 270 ರೂಪಾಯಿಗೆ 4,320 ಆಣೆ. ಲೆಕ್ಕ ಅಷ್ಟೇ, ನಾನು ಹೆಚ್ಚು ಹೇಳುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ 42 ಲಕ್ಷಕ್ಕಿಂತ ಕಮ್ಮಿ. ಮೊದಲು ಸತ್ತವರು ಹೊಲವಿಲ್ಲದ ಕೂಲಿಗಳೇ ಎಂದು ಹೇಳಬೇಕಾಗಿಲ್ಲ.

ದೊರೆಗಳು ಹೋದ ಮೇಲೂ ರಗ್ಬಿ ನಮ್ಮಲ್ಲಿ ಬಹುಕಾಲ ಜಿಮ್ಖಾನಾಗಳ, ಸೈನ್ಯದ ಆಟವಾಗಿಯೇ ಉಳಿಯಿತು. ಕಾಂಪೌಂಡು ಒಡೆದದ್ದು ಏಳು ಜನರ ಆಟ. 1998ರಲ್ಲಿ ಬ್ಯಾಂಕಾಕಿನ ಏಷ್ಯನ್ ಕ್ರೀಡಾಕೂಟಕ್ಕೆ ಸೆವೆನ್ಸ್ ಬಂತು, 2010ರಲ್ಲಿ ಹೆಣ್ಣುಮಕ್ಕಳಿಗೂ ಬಂತು, 2016ರಲ್ಲಿ ಒಲಿಂಪಿಕ್ಸಿಗೂ ಹೋಯಿತು. ಹದಿನೈದು ಜನ ಕೂಡಿಸಲಾಗದ ಊರಲ್ಲಿ ಏಳು ಜನ ಸಿಗುತ್ತಾರೆ. ಒಡಿಶಾದ ಆದಿವಾಸಿ ವಸತಿ ಶಾಲೆಯ ಹುಡುಗಿಯರು, ಬಿಹಾರದ ಹಳ್ಳಿ ಹುಡುಗಿಯರು ಭಾರತದ ತಂಡಕ್ಕೆ ಬಂದದ್ದು ಹಾಗೆ. ಬಿಹಾರದ ಸ್ವೀಟಿ ಕುಮಾರಿ ಓಟದ ಸ್ಪರ್ಧೆಯಿಂದ ಬಂದವಳು. 2019ರ ಜೂನ್‌ನಲ್ಲಿ ಮನಿಲಾದಲ್ಲಿ ಭಾರತದ ಹೆಣ್ಣುಮಕ್ಕಳು ಹದಿನೈದರ ಆಟದಲ್ಲೂ ಸಿಂಗಪುರವನ್ನು 21-19ರಿಂದ ಕೆಡವಿದರು. ಆ ಆಟದಲ್ಲಿ ಅವರ ಮೊದಲ ಅಂತರರಾಷ್ಟ್ರೀಯ ಗೆಲುವು ಅದು. 2025ರ ಆಗಸ್ಟ್‌ನಲ್ಲಿ ಬಿಹಾರದ ರಾಜಗೀರ್‌ನಲ್ಲೇ ಏಷ್ಯಾದ 20 ವರ್ಷದೊಳಗಿನವರ ಸೆವೆನ್ಸ್ ನಡೆದಾಗ ನಮ್ಮ ಹುಡುಗಿಯರು ಕಂಚು ಗೆದ್ದರು.

ಪತ್ರಿಕೆಗಳಲ್ಲಿ ಅದು ಒಂದು ಮೂಲೆಯ ಸುದ್ದಿ. ನಾನು ಆ ತುಂಡನ್ನು ಕತ್ತರಿಸಿ ಶಾಲೆ ಮಾಡುವ ಗೆಳೆಯನೊಬ್ಬನಿಗೆ ಕಳಿಸಿದೆ. ಅವನು ಏಳನೇ ತರಗತಿಯ ಹುಡುಗಿಯರಿಗೆ ಓದಿ ಹೇಳಿದನಂತೆ. ಒಬ್ಬಳು ಕೇಳಿದ್ದು ಇಷ್ಟೇ: ‘ಸಾ, ಆ ಚೆಂಡು ಎಲ್ಲಿ ಸಿಗ್ತದೆ?’