ಕುಪ್ಪೇಲೂರಿನಿಂದ ಜಪಾನ್ ಹಬ್ಬಕ್ಕೆ

ಗೆಳೆಯರು ನಾಲ್ಕಾರು ಮಂದಿ ಸೇರಿ ಜಪಾನಿನ ಹಬ್ಬವೊಂದನ್ನು ನೋಡಬೇಕೆಂದರೆ ರಾಣೇಬೆನ್ನೂರು ತಾಲೂಕಿನ ಕುಪ್ಪೇಲೂರಿನವರು ಪಾಸ್‌ಪೋರ್ಟ್ ಮಾಡಿಸಬೇಕಿಲ್ಲ, ಬೆಂಗಳೂರಿನ ಟಿಕೆಟ್ ಸಾಕು.

ಯಾವ ಹಬ್ಬ, ಯಾರದು?

ಬೆಂಗಳೂರಿನ ‘ಜಪಾನ್ ಹಬ್ಬ’ ಶುರುವಾದದ್ದು 2005ರಲ್ಲಿ. ಸಾಮಾನ್ಯವಾಗಿ ಫೆಬ್ರುವರಿಯ ಹೊತ್ತಿಗೆ ಬರುತ್ತದೆ. ನಗರದಲ್ಲಿರುವ ಜಪಾನೀಯರು, ಜಪಾನಿ ಭಾಷೆ ಕಲಿಸುವವರು, ಕಲಿಯುವವರು ಕೂಡಿ ನಡೆಸುತ್ತಾರೆ. ಜಪಾನ್ ಕಾನ್ಸುಲೇಟ್‌ನ ಬೆಂಬಲವಿದೆ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿ ಬಿಡದಿಯಲ್ಲಿ ಕಾರ್ಖಾನೆ ಎದ್ದ ಮೇಲೆ ಇಲ್ಲಿ ಜಪಾನಿ ಕುಟುಂಬಗಳೂ ಹೆಚ್ಚಿದವು, ಆ ಭಾಷೆ ಕಲಿತರೆ ಕೆಲಸ ಸಿಗುತ್ತದೆಂಬ ನಂಬಿಕೆಯೂ ಬೆಳೆಯಿತು.

ಹೋಗುವ ದಾರಿ

ರಾಣೇಬೆನ್ನೂರಿನಿಂದ ಬೆಂಗಳೂರು ಸುಮಾರು 300 ಕಿ.ಮೀ. ರಾತ್ರಿ ಬಸ್ಸೋ ರೈಲೋ ಹಿಡಿದು ಬೆಳಿಗ್ಗೆ ಇಳಿದು, ಮತ್ತೆ ರಾತ್ರಿ ಹೊರಟರೆ ಹಗಲು ಪೂರ್ತಿ ಹಬ್ಬಕ್ಕೇ ಉಳಿಯುತ್ತದೆ. ಹಬ್ಬದ ಹೊತ್ತೆಂದರೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಿರುವ ಕಾಲ. ಬೆಳೆಗಾರ ಗೆಳೆಯರನ್ನು ಮೊದಲೇ ಒಪ್ಪಿಸಿಕೊಳ್ಳಿ.

ಹಲವು ವರ್ಷ ಹಬ್ಬ ನಡೆದದ್ದು ಸೆಂಟ್ರಲ್ ಕಾಲೇಜು ಆವರಣದ ಜ್ಞಾನಜ್ಯೋತಿ ಸಭಾಂಗಣದಲ್ಲಿ. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಒಂದೇ ನಿಲ್ದಾಣ. ಆ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಅವರು ಇದೇ ಕಾಲೇಜಿನಲ್ಲಿ ಓದಿದವರು, 1898ರಲ್ಲೇ ಜಪಾನ್ ನೋಡಿ ಬಂದವರು. ಹಬ್ಬದ ಜಾಗ ಬದಲಾಗುವುದುಂಟು, ಆ ವರ್ಷದ್ದನ್ನು ವಿಚಾರಿಸಿಯೇ ಟಿಕೆಟ್ ಮಾಡಿಸಬೇಕು.

ವೇದಿಕೆಗಿಂತ ಮೇಜುಗಳ ಬಳಿ

ವೇದಿಕೆಯ ಮೇಲೆ ಹಾಡು, ಕುಣಿತ, ಸಮರಕಲೆಗಳಿರುತ್ತವೆ. ಆದರೆ ಕುರ್ಚಿ ಹಿಡಿದು ಕೂತುಬಿಟ್ಟರೆ ಅರ್ಧ ಹಬ್ಬ ತಪ್ಪಿದಂತೆ. ನಿಜವಾದ ರುಚಿ ಇರುವುದು ಕೈಯಾರೆ ಮಾಡಿ ನೋಡುವ ಕಡೆ.

ಯುಕಾತ ತೊಡುವುದನ್ನೇ ನೋಡಿ. ಇದು ಬೇಸಿಗೆಯ ಹತ್ತಿ ಉಡುಪು, ಕಿಮೊನೊಗಿಂತ ಹಗುರ. ಬಲಗಡೆಯ ಸೆರಗನ್ನು ಮೊದಲು ಮೈಗೆ ಒತ್ತಿಕೊಂಡು ಅದರ ಮೇಲೆ ಎಡಗಡೆಯದನ್ನು ತರಬೇಕು. ಸೊಂಟಕ್ಕೆ ‘ಓಬಿ’ ಪಟ್ಟಿ. ಸೆರಗುಗಳ ಈ ಕ್ರಮವನ್ನು ತಿರುವುಮುರುವು ಮಾಡಿದರೆ ತೊಡಿಸುತ್ತಿರುವವರು ತಕ್ಷಣ ಕೈ ಹಿಡಿದು ಸರಿಪಡಿಸುತ್ತಾರೆ, ಏಕೆಂದರೆ ಬಲಗಡೆಯದು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ.

ಚಹಾಕೂಟದ ಕ್ರಮಕ್ಕೆ ಇಂದಿನ ರೂಪ ಬಂದದ್ದು ಬಹುಪಾಲು 16ನೇ ಶತಮಾನದ ಸೆನ್ ನೊ ರಿಕ್ಯೂ ಅವರಿಂದ. ಹಸಿರು ಚಹಾಪುಡಿಗೆ ಬಿಸಿನೀರು ಹಾಕಿ ಬಿದಿರಿನ ಕಡಗೋಲಿನಿಂದ ನೊರೆ ಏಳುವಂತೆ ಕಡೆಯುತ್ತಾರೆ. ಹಾಲಿಲ್ಲ, ಸಕ್ಕರೆಯಿಲ್ಲ, ಕುಡಿಯುವ ಮುನ್ನ ಒಂದು ಸಿಹಿ ತಿನ್ನಲು ಕೊಡುತ್ತಾರೆ. ನಮ್ಮ ಕಡೆಯ ಚಹಾಪ್ರಿಯರಿಗೆ ಮೊದಲ ಗುಟುಕು ಸೊಪ್ಪಿನ ಕಷಾಯದಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಒರಿಗಾಮಿಯಲ್ಲಿ ಕತ್ತರಿ, ಅಂಟು ಎರಡೂ ಇಲ್ಲದೆ ಕಾಗದದ ಕೊಕ್ಕರೆ ಮಡಿಸುತ್ತಾರೆ. ಇಕೆಬಾನ ಹೂಜೋಡಣೆ ಲಾಲ್‌ಬಾಗ್ ಪ್ರದರ್ಶನ ನೋಡಿದವರಿಗೆ ಪರಿಚಿತವೇ.

ಬೋನ್ ಓದೋರಿ

ಜಪಾನಿನಲ್ಲಿ ಬೇಸಿಗೆಯ ‘ಓಬೋನ್’ ಸಮಯದಲ್ಲಿ ಹಿರಿಯರ ಆತ್ಮಗಳು ಮನೆಗೆ ಬರುತ್ತವೆಂಬ ನಂಬಿಕೆ. ಆಗ ಎತ್ತರದ ಅಟ್ಟಣಿಗೆಯ ಸುತ್ತ ಊರವರೆಲ್ಲ ಸುತ್ತುಗಟ್ಟಿ ಕುಣಿಯುತ್ತಾರೆ. ಅದೇ ಬೋನ್ ಓದೋರಿ, ಜಪಾನ್ ಹಬ್ಬದಲ್ಲೂ ಅದನ್ನು ಕುಣಿಯುತ್ತಾರೆ. ಹೆಜ್ಜೆಗಳು ಕಡಿಮೆ, ಮತ್ತೆ ಮತ್ತೆ ಬರುವಂಥವು. ಮುಂದಿನವರ ಕೈ ನೋಡುತ್ತ ಎರಡು ಸುತ್ತು ಹಾಕಿದರೆ ಬಂದೇಬರುತ್ತದೆ, ಗೆಳೆಯರ ಗುಂಪಿಗೆ ಹೇಳಿ ಮಾಡಿಸಿದ ಕುಣಿತ.

ಊಟದಲ್ಲಿ ಎಚ್ಚರ

ಸಸ್ಯಾಹಾರಿಗಳು ಕೇಳಿ ತಿನ್ನಬೇಕು. ಮಿಸೊ ಸಾರಿನಲ್ಲಿ ಕಣ್ಣಿಗೆ ಕಾಣುವುದು ತೋಫು, ಸೊಪ್ಪು ಮಾತ್ರ. ಆದರೆ ಅದರ ‘ದಾಶಿ’ ಎಂಬ ಮೂಲ ತಿಳಿಯನ್ನು ಹೆಚ್ಚಾಗಿ ಒಣಮೀನಿನ ಚೂರುಗಳಿಂದ ತೆಗೆದಿರುತ್ತಾರೆ. ಒಳಗೆ ಉಪ್ಪಿನ ಪ್ಲಮ್ ಇಟ್ಟ ಅನ್ನದುಂಡೆ ‘ಒನಿಗಿರಿ’ ಆದರೆ ತೊಂದರೆಯಿಲ್ಲ. ಖಾರ ಬೇಕೆಂದರೆ ‘ಶಿಚಿಮಿ’ ಎಂಬ ಏಳು ಬಗೆಯ ಮಸಾಲೆ ಪುಡಿಯಿದೆ: ಕೆಂಪು ಮೆಣಸಿನಕಾಯಿಯ ಜೊತೆ ಎಳ್ಳು, ಒಣಗಿಸಿದ ಕಿತ್ತಳೆ ಸಿಪ್ಪೆ ಮುಂತಾದವು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ಅದನ್ನು ಉಂಡು ಬೆಳೆದವರಿಗೆ ಶಿಚಿಮಿ ಅಷ್ಟೇನೂ ಭಯ ಹುಟ್ಟಿಸದು.