ಜಗಲಿಗೆ ಬಂದ ಕಾರ್ಖಾನೆ

ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಮಧ್ಯಾಹ್ನದ ಪಾತ್ರೆಗಳನ್ನು ತೊಳೆದಿಟ್ಟು, ತೊಡೆಯ ಮೇಲೆ ತಡ್ಪೆಯೆಂಬ ಮೊರವನ್ನಿರಿಸಿಕೊಂಡು ಜಗಲಿಯಲ್ಲಿ ಕುಳಿತ ಹೆಣ್ಣುಮಗಳನ್ನು ಕಂಡ ದಾರಿಹೋಕರು, ಆಕೆ ಬಿಡುವಿನ ವೇಳೆಯನ್ನು ಸದುಪಯೋಗಪಡಿಸಿಕೊಳ್ಳುತ್ತಿರುವಳೆಂದು ಮೆಚ್ಚಿ ಮುಂದೆ ನಡೆಯುವುದುಂಟು. ಬೀಡಿ ಕಟ್ಟುವ ಕೆಲಸದ ಚರಿತ್ರೆಯಲ್ಲಿ ಸ್ತ್ರೀಗೆ ಆಗಿರುವ ಅನ್ಯಾಯದ ಬಹುಭಾಗ ಆ ಮೆಚ್ಚುಗೆಯಲ್ಲಿಯೇ ಅಡಗಿದೆಯೆಂದು ನನ್ನ ಅಭಿಪ್ರಾಯ. ಹಿಂದಿನ ರಾತ್ರಿಯೇ ಎಲೆಯನ್ನು ನೀರಿನಲ್ಲಿ ನೆನೆಸಿ, ಬೆಳಿಗ್ಗೆ ತಗಡಿನ ಅಳತೆಯಿಟ್ಟು ಕತ್ತರಿಸಿ, ಹೊಗೆಸೊಪ್ಪಿನ ಪುಡಿಯನ್ನು ಹದವಾಗಿ ತುಂಬಿ ಸುರುಳಿ ಸುತ್ತಿ, ನೂಲಿನಿಂದ ಬಿಗಿದು, ತುದಿಯನ್ನು ಮಡಚಿ, ಇಪ್ಪತ್ತೈದಕ್ಕೆ ಒಂದರಂತೆ ಕಟ್ಟು ಮಾಡಿ, ಸಂಜೆ ಬೀಡಿ ಸಂಸ್ಥೆಯ ಬ್ರಾಂಚಿಗೆ ಹೊತ್ತುಕೊಂಡು ಹೋಗುವ ಈ ದುಡಿಮೆ ಬಿಡುವಿನ ವೇಳೆಯದಲ್ಲ. ಬಿಡುವನ್ನೆಲ್ಲ ನುಂಗಿದ ದುಡಿಮೆ.

ಎಲೆ ಮಧ್ಯಭಾರತದ ಅರಣ್ಯಗಳದು; ಹೊಗೆಸೊಪ್ಪು ನಿಪ್ಪಾಣಿಯದು, ಗುಜರಾತಿನದು. ಕರಾವಳಿಯದಾಗಿದ್ದುದು ಕೈಗಳು ಮಾತ್ರ. ಮೊದಮೊದಲು ಗಂಡಸರೂ ಒಂದೇ ಸೂರಿನ ಕೆಳಗೆ ಸಾಲಾಗಿ ಕುಳಿತು ಬೀಡಿ ಸುತ್ತುತ್ತಿದ್ದರು. ಹಾಗೆ ಒಟ್ಟಿಗೆ ಕುಳಿತುದರ ಫಲವೇನೆಂಬುದನ್ನು ನೆರೆಯ ಕಣ್ಣೂರಿನಲ್ಲಿ ಕಾಣಬಹುದು. ಅಲ್ಲಿ ಒಬ್ಬನು ವೃತ್ತಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರೆ ಉಳಿದವರು ಕೈನಿಲ್ಲಿಸದೆ ಕೇಳುತ್ತಿದ್ದರೆಂಬುದೂ, ಹೀಗೆ ಕೇಳಿದವರಿಂದಲೇ ಬಲವಾದ ಕಾರ್ಮಿಕ ಸಂಘಗಳು ಹುಟ್ಟಿದುವೆಂಬುದೂ ಪ್ರಸಿದ್ಧವಾದ ಸಂಗತಿ. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಮಾಡಿ, ಕೆಲಸದ ಅವಧಿ, ರಜೆ, ಗಾಳಿಬೆಳಕು, ಶಿಶುಪಾಲನೆ ಇವುಗಳ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಕೇರಳದಲ್ಲಿ ಅದು ಜಾರಿಗೆ ಬರುತ್ತಲೇ ಮಂಗಳೂರು ಮೂಲದ ದೊಡ್ಡ ಸಂಸ್ಥೆಗಳು ಅಲ್ಲಿನ ಕೆಲಸದ ಮನೆಗಳನ್ನು ಮುಚ್ಚಿದವು. ಕೆಲಸ ಕಳೆದುಕೊಂಡವರು 1969ರಲ್ಲಿ ದಿನೇಶ್ ಬೀಡಿ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿಕೊಂಡರು.

ನಮ್ಮ ಕಡೆ ಹಾಗಾಗಲಿಲ್ಲ. ಕಾರ್ಖಾನೆಯೇ ಚೂರುಚೂರಾಗಿ ಮನೆಮನೆಯ ಜಗಲಿಗೆ ಬಂದು, ಕೆಲಸ ಬಹುಮಟ್ಟಿಗೆ ಹೆಂಗಸರ ಕೈಸೇರಿತು. ಸೂರಿನ ಬಾಡಿಗೆ, ದೀಪದ ಎಣ್ಣೆ, ಕತ್ತರಿ, ತಡ್ಪೆ, ಬ್ರಾಂಚಿಗೆ ನಡೆದು ಹೋಗಿಬರುವ ಕಾಲ ಇವೆಲ್ಲವೂ ಯಾವ ಲೆಕ್ಕಕ್ಕೂ ಸೇರದೆ ಆಕೆಯ ಪಾಲಿಗೆ ಬಿದ್ದವು. ಒಂದೇ ಹೆಸರಿನ ಪಾಸ್‌ಬುಕ್ಕಿನಲ್ಲಿ ತಾಯಿ, ಮಗಳು, ಸೊಸೆ ಮೂವರ ದುಡಿಮೆಯೂ ಕರಗಿಹೋಗುವುದು ಸಾಮಾನ್ಯವಾಯಿತು.

ಇದೇ ಕಾಲದಲ್ಲಿ ದಿಲ್ಲಿಯಲ್ಲಿ ಸಮಾನ ವೇತನದ ಚರ್ಚೆ ನಡೆಯಿತು. ಸಂವಿಧಾನದ 39ನೆಯ ವಿಧಿ ಸ್ತ್ರೀಪುರುಷರಿಗೆ ಸಮಾನ ಕೆಲಸಕ್ಕೆ ಸಮಾನ ವೇತನವಿರಬೇಕೆಂದು ಮೊದಲೇ ಹೇಳಿತ್ತು. ಅದರ ಮರುಖಂಡದಲ್ಲಿಯೇ ದುಡಿಯುವವರ ಆರೋಗ್ಯ ಮತ್ತು ಶಕ್ತಿಗಳ ದುರುಪಯೋಗವಾಗಕೂಡದೆಂದೂ ಹೇಳಿತ್ತು. ಸ್ತ್ರೀಯರ ಸ್ಥಾನಮಾನವನ್ನು ಪರಿಶೀಲಿಸಿದ ಸಮಿತಿಯ ವರದಿ 1974ರಲ್ಲಿ ಹೊರಬಂದಿತು. ಅಂತರರಾಷ್ಟ್ರೀಯ ಮಹಿಳಾ ವರ್ಷವಾದ 1975ರಲ್ಲಿ ಸಮಾನ ವೇತನದ ಸುಗ್ರೀವಾಜ್ಞೆಯೂ, 1976ರಲ್ಲಿ ಕಾಯ್ದೆಯೂ ಬಂದವು. ಒಂದೇ ಬಗೆಯ ಕೆಲಸ ಮಾಡುವ ಗಂಡಸಿಗೆ ಏನು ಸಿಕ್ಕುವುದೋ ಹೆಂಗಸಿಗೂ ಅದೇ ಸಿಕ್ಕಬೇಕೆಂಬುದು ಆ ಕಾಯ್ದೆಯ ತಾತ್ಪರ್ಯ. ಆದರೆ ಬೀಡಿಯ ಕೂಲಿ ಸಾವಿರಕ್ಕೆ ಇಷ್ಟೆಂಬ ದರದ್ದು; ಕಟ್ಟಿದವರು ಯಾರೇ ಆಗಲಿ ದರ ಒಂದೇ. ಮೇಲಾಗಿ, ಹೋಲಿಸಿ ನೋಡೋಣವೆಂದರೆ ಪಕ್ಕದಲ್ಲಿ ಕುಳಿತಿದ್ದ ಗಂಡಸು ಆಗಲೇ ಎದ್ದುಹೋಗಿದ್ದನು. ಸಮಾನತೆಯ ತಕ್ಕಡಿಗೆ ಎರಡು ತಟ್ಟೆಗಳು ಬೇಕಷ್ಟೆ. ಇಲ್ಲಿ ಇದ್ದುದು ಒಂದೇ.

ಆರೋಗ್ಯದ ವಿಷಯ ಇನ್ನೂ ಕಠಿನ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಬೀಡಿಯನ್ನು ಸೇದದವಳ ರಕ್ತವನ್ನೂ ಬೆರಳ ಚರ್ಮದ ಮೂಲಕ ಪ್ರವೇಶಿಸುತ್ತದೆ. ಅದರ ಧೂಳು ಅಡುಗೆಯ ಪಾತ್ರೆಯ ಮೇಲೆಯೂ ತೊಟ್ಟಿಲ ಮೇಲೆಯೂ ಇಳಿಯುತ್ತದೆ. ಕುತ್ತಿಗೆ ಬಾಗಿಸಿ ಗಂಟೆಗಟ್ಟಲೆ ಕುಳಿತವಳ ಬೆನ್ನುನೋವು, ಕೆಮ್ಮು, ತಲೆಸುತ್ತುಗಳನ್ನು ಮನೆಯವರು ಹೆಂಗಸಿನ ಸಹಜವಾದ ಬಳಲಿಕೆಯೆಂದು ಎಣಿಸಿದರು. 1966ರ ಕಾಯ್ದೆ ವಿಧಿಸಿದ ಶಿಶುಗೃಹ ಸ್ತ್ರೀಯರು ಒಟ್ಟುಗೂಡಿ ದುಡಿಯುವ ಸ್ಥಳಕ್ಕೆ ಮಾತ್ರ. ಜಗಲಿಯ ಮಗು ತಾಯಿಯ ತಡ್ಪೆಯ ಪಕ್ಕದಲ್ಲಿಯೇ ಮಲಗಿತು. 1976ರಲ್ಲಿ ಸ್ಥಾಪಿತವಾದ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯಿಂದ ಚಿಕಿತ್ಸಾಲಯಗಳೂ ಮಕ್ಕಳಿಗೆ ವಿದ್ಯಾರ್ಥಿವೇತನವೂ ಲಭಿಸಿದುದು ಸಣ್ಣ ಉಪಕಾರವಲ್ಲ.

ಆದರೂ ಮೂಲಪ್ರಶ್ನೆ ಉಳಿದೇ ಇತ್ತು: ಮನೆಯಲ್ಲಿ ಕುಳಿತು ಕಟ್ಟುವವಳು ಕಾರ್ಮಿಕಳೋ, ಅಲ್ಲವೋ? 1966ರ ಕಾಯ್ದೆ ಹೌದೆಂದಿತ್ತು. ಆದರೆ 1977ರಲ್ಲಿ ಈ ಉದ್ಯಮಕ್ಕೆ ಭವಿಷ್ಯನಿಧಿಯನ್ನು ವಿಸ್ತರಿಸಿದಾಗ, ಆಕೆಯ ಕೆಲಸದ ಮೇಲೆ ತಮ್ಮ ಮೇಲ್ವಿಚಾರಣೆಯೇ ಇಲ್ಲವೆಂದು ಮಾಲೀಕರು ವಾದಿಸಿದರು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಒಪ್ಪದಿರಲು ಅದು ಹಿಡಿದ ಆಧಾರ ನನ್ನನ್ನು ಇಂದಿಗೂ ಕಲಕುತ್ತದೆ. ಬ್ರಾಂಚಿನಲ್ಲಿ ಆಕೆ ತಂದ ಕಟ್ಟನ್ನು ಬಿಚ್ಚಿ, ಇದು ಸಡಿಲ, ಇದು ಗಿಡ್ಡ ಎಂದು ಬೀಡಿಗಳನ್ನು ಬದಿಗೆ ಸರಿಸಿ, ಅಷ್ಟರ ಕೂಲಿಯನ್ನು ಮುರಿದುಕೊಳ್ಳುವ ಅಧಿಕಾರವಿದೆಯಲ್ಲ, ಆ ತಿರಸ್ಕಾರದ ಅಧಿಕಾರವೇ ಮೇಲ್ವಿಚಾರಣೆಗೆ ಸಾಕ್ಷಿಯೆಂದು ನ್ಯಾಯಾಲಯ ಎಣಿಸಿತು. ದಿನದಿನವೂ ಆಕೆ ತಲೆತಗ್ಗಿಸಿ ನಿಂತು ಕಂಡ ಆ ಬದಿಗೆ ಸರಿಸಿದ ಬೀಡಿಗಳೇ ಆಕೆಯನ್ನು ಕಾರ್ಮಿಕಳೆಂದು ಸಾಬೀತುಪಡಿಸಿದವು.