ಶುಶ್ರೂಷಾ ಶಿಕ್ಷಣದಲ್ಲಿ ಮನಶ್ಶಾಸ್ತ್ರ: ತರಗತಿಯಿಂದ ವಾರ್ಡಿನವರೆಗೆ

ಭಾರತದ ಶುಶ್ರೂಷಾ ಶಿಕ್ಷಣದ ಚರಿತ್ರೆಯನ್ನು ಸಾಮಾನ್ಯವಾಗಿ ಸಂಸ್ಥೆಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. ಮಿಷನ್ ಆಸ್ಪತ್ರೆಗಳ ದಾದಿ ಶಾಲೆಗಳು, 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಆರಂಭವಾದ ಪದವಿ ಶಿಕ್ಷಣ, 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯಿದೆ ಇವು ಅದರ ಮೈಲಿಗಲ್ಲುಗಳು. ಈ ಸಂಸ್ಥೆಗಳೊಳಗೆ ವಿದ್ಯಾರ್ಥಿನಿಯರು ಏನನ್ನು ಕಲಿತರು, ಅದರಲ್ಲೂ ರೋಗಿಯ ಮನಸ್ಸಿನ ಬಗೆಗೆ ಯಾವ ಭಾಷೆಯಲ್ಲಿ ಏನನ್ನು ಕಲಿತರು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು ಕನ್ನಡ ನಾಡು ವಿಶೇಷವಾಗಿ ತಕ್ಕ ಕ್ಷೇತ್ರವಾಗಿದೆ. ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ, ಮನೋರೋಗ ಚಿಕಿತ್ಸೆ ಮತ್ತು ಶುಶ್ರೂಷಾ ತರಬೇತಿ ಈ ಮೂರೂ ಬಹಳ ಮುಂಚಿತವಾಗಿಯೇ ಇಲ್ಲಿ ಪರಸ್ಪರ ಸಮೀಪಕ್ಕೆ ಬಂದವು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ 1924ರಲ್ಲಿ ಆರಂಭವಾಯಿತು. ಕಲ್ಕತ್ತೆಯನ್ನು ಬಿಟ್ಟರೆ ದೇಶದಲ್ಲಿ ಅಷ್ಟು ಹಳೆಯ ವಿಭಾಗ ಬೇರೊಂದಿಲ್ಲ. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವನ್ನು ನಡೆಸಿದ್ದರಿಂದ ಕನ್ನಡಿಗರು ಅವರನ್ನು ಹೆಚ್ಚಾಗಿ ಆ ಕಾರಣಕ್ಕೆ ನೆನೆಯುತ್ತಾರೆ. ವಿಭಾಗ ಹುಟ್ಟಿದ ಮರುವರ್ಷ, 1925ರಲ್ಲಿ, ಬೆಂಗಳೂರಿನ ‘ಲೂನಾಟಿಕ್ ಅಸೈಲಂ’ ಹೆಸರು ಬದಲಿಸಿಕೊಂಡು ಮಾನಸಿಕ ಆಸ್ಪತ್ರೆಯಾಯಿತು. ಜನರ ಬಾಯಲ್ಲಿ ಅದು ಬಹುಕಾಲ ಹುಚ್ಚಾಸ್ಪತ್ರೆಯಾಗಿಯೇ ಉಳಿಯಿತು. ಅಸೈಲಂ ಎಂಬುದು ಕಾವಲಿನ ಕಲ್ಪನೆ. ಅಲ್ಲಿಗೆ ಬೇಕಾಗಿದ್ದವರು ಬೀಗ ಹಾಕಬಲ್ಲ, ಹಿಡಿದು ನಿಲ್ಲಿಸಬಲ್ಲ ಆಳುಗಳು. ಆಸ್ಪತ್ರೆ ಎಂದ ಮೇಲೆ ಆ ಸ್ಥಾನದಲ್ಲಿ ಶುಶ್ರೂಷಕರು ಇರಬೇಕಾಗುತ್ತದೆ.

ಅಂಥವರು ಎಷ್ಟು ವಿರಳವಾಗಿದ್ದರು ಎಂಬುದನ್ನು ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿಯ 1946ರ ವರದಿ ತೋರಿಸುತ್ತದೆ. ಆಗ ಸುಮಾರು 43,000 ಜನರಿಗೆ ಒಬ್ಬ ನರ್ಸ್ ಇದ್ದರು. ಸುಮಾರು 40 ಕೋಟಿ ಜನಸಂಖ್ಯೆಗೆ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಹಾಸಿಗೆಗಳು ಹತ್ತು ಸಾವಿರಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು 40,000 ಜನರಿಗೆ ಒಂದು ಹಾಸಿಗೆ. ಈ ಎರಡು ಸಂಖ್ಯೆಗಳು ಇಷ್ಟು ಸಮೀಪವಿರುವುದು ಆಕಸ್ಮಿಕವಾದರೂ, ಮನೋರೋಗಿಯ ಹಾಸಿಗೆಯ ಪಕ್ಕದಲ್ಲಿ ತರಬೇತಿ ಪಡೆದ ನರ್ಸ್ ನಿಲ್ಲುವ ಸಂಭವ ಎಷ್ಟು ಕಡಿಮೆಯಿತ್ತೆಂಬುದನ್ನು ಅವು ಹೇಳುತ್ತವೆ.

ಸಮಿತಿಯ ಶಿಫಾರಸಿನ ಫಲವಾಗಿ 1954ರಲ್ಲಿ, ಕೇಂದ್ರ ಹಾಗೂ ಮೈಸೂರು ಸರ್ಕಾರಗಳ ಸಹಕಾರದಿಂದ, ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಆ ದಶಕದಲ್ಲಿಯೇ ವೈದ್ಯರಿಗೆ, ಮನಶ್ಶಾಸ್ತ್ರಜ್ಞರಿಗೆ ಮತ್ತು ನರ್ಸುಗಳಿಗೆ ಪ್ರತ್ಯೇಕ ಡಿಪ್ಲೊಮಾಗಳು ಅಲ್ಲಿ ರೂಪುಗೊಂಡವು. ಇದನ್ನು ಕೇವಲ ಆಡಳಿತದ ಸಂಗತಿಯೆಂದು ಬಿಟ್ಟುಬಿಡಲಾಗದು. ಸಾಮಾನ್ಯ ಶುಶ್ರೂಷಾ ತರಬೇತಿ ಮುಗಿಸಿ ಬಂದ ನರ್ಸ್, ಮನಶ್ಶಾಸ್ತ್ರವನ್ನು ಕಲಿಯುವವರೂ ಕಲಿಸುವವರೂ ಓಡಾಡುವ ವಾರ್ಡಿನಲ್ಲಿಯೇ ವರ್ಷಪೂರ್ತಿ ಇರುತ್ತಿದ್ದರು. ವಾರ್ಡಿನ ಅನುಭವ ಅವರಿಗೆ ಮೊದಲೇ ಇತ್ತು. ಅದಕ್ಕೆ ಬೇಕಾದ ಪರಿಕಲ್ಪನೆಗಳು ನಂತರ ಬಂದವು. 1974ರಲ್ಲಿ ಸಂಸ್ಥೆ ಮತ್ತು ಆಸ್ಪತ್ರೆಗಳು ವಿಲೀನಗೊಂಡು ನಿಮ್ಹಾನ್ಸ್ ಆದ ಮೇಲೂ ಈ ಕ್ರಮ ಮುಂದುವರಿಯಿತು.

ಸಾಮಾನ್ಯ ಶುಶ್ರೂಷಾ ಶಾಲೆಗಳಲ್ಲಿ ಕ್ರಮ ತಿರುಗುಮುರುಗಾಗಿತ್ತು. ಮನೋರೋಗ ಶುಶ್ರೂಷೆಯನ್ನು ಮೂಲ ತರಬೇತಿಯ ಭಾಗವಾಗಿಸಬೇಕೆಂಬ ಪರಿಷತ್ತಿನ ನಿರ್ಧಾರ 1960ರ ದಶಕದ ಮಧ್ಯದ್ದು. ಆದರೆ ಮನಶ್ಶಾಸ್ತ್ರ ಪ್ರತ್ಯೇಕ ವಿಷಯವಾಗಿ, ಸಮಾಜಶಾಸ್ತ್ರದ ಜೊತೆಗೆ, ಮೊದಲ ವರ್ಷದಲ್ಲಿ ನಿಂತಿತು. ಸಂವೇದನೆ, ಅವಧಾನ, ಗ್ರಹಿಕೆ, ಕಲಿಕೆ, ಸ್ಮೃತಿ, ಬುದ್ಧಿಶಕ್ತಿ, ಭಾವೋದ್ವೇಗ, ವ್ಯಕ್ತಿತ್ವ: ಕಲಾ ಕಾಲೇಜಿನ ಪಠ್ಯಪಟ್ಟಿಯ ಅನುಕ್ರಮವೇ ಇಲ್ಲಿಯೂ ಕಂಡುಬರುತ್ತದೆ. ರೋಗಿಯೊಬ್ಬರ ಜೊತೆ ಹತ್ತು ನಿಮಿಷ ಮಾತನಾಡಿರದ, ಪಿಯುಸಿ ಮುಗಿಸಿ ಬಂದ ಹದಿನೆಂಟರ ಹುಡುಗಿ ಪಾವ್ಲೋವನ ನಾಯಿಯ ಪ್ರಯೋಗವನ್ನು ಪರೀಕ್ಷೆಗೆ ಒಪ್ಪಿಸಿ ಮುಂದೆ ಸಾಗುತ್ತಾಳೆ. ಮನೋರೋಗ ವಾರ್ಡಿಗೆ ಅವಳು ಕಾಲಿಡುವುದು ಮುಂದಿನ ವರ್ಷಗಳಲ್ಲಿ, ಕಲಿತದ್ದು ಬಹುಮಟ್ಟಿಗೆ ಮರೆತ ಮೇಲೆ. ಇದು ಶಿಕ್ಷಕರ ಅಸಡ್ಡೆಯಿಂದ ಆದುದಲ್ಲ, ವಿಷಯವನ್ನು ಸೇರಿಸಿದ ಬಗೆಯಲ್ಲಿಯೇ ಇದ್ದ ದೋಷ.

ಈ ಪಠ್ಯಕ್ರಮ ಮತ್ತೊಂದನ್ನೂ ಊಹಿಸಿಕೊಂಡಿತ್ತು: ಮನಸ್ಸೆಂದರೆ ರೋಗಿಯದು. ಕಲಿಯುವವಳ ಮನಸ್ಸು ಅದರಲ್ಲಿ ಎಲ್ಲಿಯೂ ವಿಷಯವಾಗಿರಲಿಲ್ಲ. ಇಂಥ ಕೊರತೆ ಭಾರತಕ್ಕೆ ಸೀಮಿತವಲ್ಲವೆಂಬುದಕ್ಕೆ ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯ ಕುರಿತು ಇಸಬೆಲ್ ಮೆಂಜೀಸ್ 1960ರ ಸುಮಾರಿಗೆ ಪ್ರಕಟಿಸಿದ ಅಧ್ಯಯನ ಸಾಕ್ಷಿ. ಅಲ್ಲಿನ ಸುಮಾರು 700 ಶುಶ್ರೂಷಾ ಸಿಬ್ಬಂದಿಯಲ್ಲಿ ತರಬೇತಿ ಮುಗಿಸಿದವರು 150 ಮಂದಿ, ಉಳಿದವರು ವಿದ್ಯಾರ್ಥಿಗಳು. ಸಾವು, ನೋವು, ಹೇಸಿಗೆಗಳ ಎದುರು ಅವರಲ್ಲಿ ಉಂಟಾಗುವ ಆತಂಕವನ್ನು ಆಸ್ಪತ್ರೆ ಮಾತಿನಿಂದ ಅಲ್ಲ, ಕೆಲಸದ ಹಂಚಿಕೆಯಿಂದ ತಡೆಯುತ್ತಿತ್ತು. ಒಬ್ಬಳಿಗೆ ಒಬ್ಬ ರೋಗಿಯ ಬದಲು ಹಲವು ರೋಗಿಗಳ ಒಂದೊಂದು ಕೆಲಸ. ರೋಗಿಗೆ ಹೆಸರಿನ ಬದಲು ಹಾಸಿಗೆಯ ಸಂಖ್ಯೆ ಅಥವಾ ರೋಗಪೀಡಿತ ಅಂಗದ ಹೆಸರು. ನಿದ್ರಿಸಿದವರನ್ನು ಎಬ್ಬಿಸಿ ನಿದ್ರೆಮಾತ್ರೆ ಕೊಡುವ ನಿಯಮನಿಷ್ಠೆ. ಮೂರನೆಯ ಒಂದು ಭಾಗದಷ್ಟು ವಿದ್ಯಾರ್ಥಿಗಳು ತರಬೇತಿ ಪೂರ್ತಿಗೊಳಿಸದೆ ಹೊರಟುಹೋಗುತ್ತಿದ್ದರು. ನಮ್ಮ ಯಾವುದೇ ದೊಡ್ಡ ಆಸ್ಪತ್ರೆಯ ಸಾಮಾನ್ಯ ವಾರ್ಡನ್ನು ಕಂಡವರಿಗೆ ಈ ಚಿತ್ರ ಅಪರಿಚಿತವೆನಿಸದು.

ಬೆಂಗಳೂರಿನಲ್ಲಿ ಬೇರೊಂದು ದಾರಿ ತೆರೆದುಕೊಂಡದ್ದು ಆಸ್ಪತ್ರೆಯ ಹೊರಗೆ. 1970ರ ದಶಕದ ಮಧ್ಯಭಾಗದಲ್ಲಿ ನಿಮ್ಹಾನ್ಸ್ ನಗರದ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಅವರು 1980ರ ದಶಕದ ಆರಂಭದಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೂ ನೇರವಾಗಿ ವಿಷಯಕ್ಕೆ ಬರುತ್ತದೆ. ಸ್ಕಿಜೊಫ್ರೇನಿಯಾ ರೋಗಿಗಳಲ್ಲಿ ಒಂದು ಗುಂಪನ್ನು ಆಸ್ಪತ್ರೆಗೆ ಸೇರಿಸಿ, ಇನ್ನೊಂದು ಗುಂಪಿನವರ ಮನೆಗೆ ನರ್ಸ್ ನಿಯತವಾಗಿ ಭೇಟಿ ನೀಡುವಂತೆ ಮಾಡಿ ಹೋಲಿಸಿದಾಗ, ಮನೆಯಲ್ಲಿ ಆರೈಕೆ ಪಡೆದವರ ಸ್ಥಿತಿ ಉತ್ತಮವಾಗಿತ್ತು. ಕುಟುಂಬದ ಹೊರೆಯೂ ತಗ್ಗಿತ್ತು. ಕುಟುಂಬದ ಹೊರೆಯನ್ನು ಅಳೆಯುವ ಸಂದರ್ಶನ ಸೂಚಿಯನ್ನು ಇದೇ ಇಬ್ಬರು 1981ರಲ್ಲಿ ರೂಪಿಸಿದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ರೋಗಿಯ ತಾಯಿಯ ಮಾತು ಕೇಳುವ ನರ್ಸ್‌ಗೆ ಗ್ರಹಿಕೆ, ಭಾವೋದ್ವೇಗ ಎಂಬ ಶೀರ್ಷಿಕೆಗಳ ಅಗತ್ಯ ಬೀಳಲಿಲ್ಲ. ಆದರೆ ಆ ಶೀರ್ಷಿಕೆಗಳು ಹೇಳಲು ಬಯಸಿದ್ದೆಲ್ಲವೂ ಅಲ್ಲಿತ್ತು. ಬಳ್ಳಾರಿ ಜಿಲ್ಲೆಯ ಪ್ರಯೋಗ ಮತ್ತು ಅದರ ಮಾದರಿಯಲ್ಲಿ 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೇ ದಾರಿಯ ಮುಂದುವರಿಕೆಗಳು.

ಹೀಗೆ ಕಂಡುಕೊಂಡದ್ದನ್ನು ಕಲಿಕೆಗೆ ಒಗ್ಗಿಸುವ ಸಾಧನವೊಂದು ಪಠ್ಯಕ್ರಮದಲ್ಲಿ ಇಲ್ಲದಿರಲಿಲ್ಲ. ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನರ್ಸ್ ಮತ್ತು ರೋಗಿಯ ಸಂಬಂಧವನ್ನೇ ಶುಶ್ರೂಷೆಯ ತಿರುಳೆಂದು ಪ್ರತಿಪಾದಿಸಿದರು. ಆ ಪರಂಪರೆಯಿಂದ ಬಂದದ್ದು ‘ಪ್ರೋಸೆಸ್ ರೆಕಾರ್ಡಿಂಗ್’. ರೋಗಿ ಆಡಿದ್ದನ್ನೂ ತಾನು ಆಡಿದ್ದನ್ನೂ ಇದ್ದಂತೆಯೇ ಬರೆದು, ಪಕ್ಕದ ಅಂಕಣದಲ್ಲಿ ಅದರ ಅರ್ಥವನ್ನೂ ತಾನು ಬಳಸಿದ ತಂತ್ರವನ್ನೂ ವಿದ್ಯಾರ್ಥಿನಿ ನಮೂದಿಸಬೇಕು. ಮನೋರೋಗ ಶುಶ್ರೂಷೆಯ ಪ್ರಾಯೋಗಿಕ ದಾಖಲೆಗಳಲ್ಲಿ ಇದು ಇಂದಿಗೂ ಕಡ್ಡಾಯ. ಕಲಿಯುವವಳ ಮನಸ್ಸೂ ಪರಿಶೀಲನೆಗೆ ಬರುವ ಏಕೈಕ ಸ್ಥಳ ಇದೇ ಎಂದರೆ ಅತಿಶಯೋಕ್ತಿಯಲ್ಲ.

ಆದರೆ ಇಲ್ಲಿಯೇ ಭಾಷೆಯ ತೊಡಕು ಎದುರಾಗುತ್ತದೆ. ಮಾತುಕತೆ ಕನ್ನಡದಲ್ಲಿ ನಡೆಯುತ್ತದೆ, ದಾಖಲೆ ಇಂಗ್ಲಿಷಿನಲ್ಲಿ. ಕರ್ನಾಟಕದ ಖಾಸಗಿ ನರ್ಸಿಂಗ್ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಕೇರಳದಿಂದ ಬಂದವರು ಬಹುಸಂಖ್ಯೆಯಲ್ಲಿದ್ದು, ಅವರ ಪಾಲಿಗೆ ನಡುವೆ ಮಲಯಾಳವೂ ಬರುತ್ತದೆ. ‘ಮನಸ್ಸಿಗೆ ಬೇಜಾರು’ ಎಂದ ರೋಗಿಯ ಮಾತು ದುಃಖವಾಗಿಯೋ ಬೇಸರವಾಗಿಯೋ ದಣಿವಾಗಿಯೋ ಇಂಗ್ಲಿಷಿಗೆ ಹೋಗುತ್ತದೆ. ಮೂರೂ ಒಂದೇ ಮಾತಿನಲ್ಲಿದ್ದವೆಂಬುದು ಉಳಿಯುವುದಿಲ್ಲ. ‘ಎದೆ ಭಾರ’, ‘ತಲೆ ಧಿಮ್ಮೆನ್ನುತ್ತೆ’, ‘ಯಾತರಲ್ಲೂ ಮನಸ್ಸಿಲ್ಲ’ ಎಂಬವುಗಳ ಗತಿಯೂ ಇದೇ. ‘ಇದ್ದಂತೆಯೇ’ ಬರೆಯಬೇಕೆಂಬ ನಿಯಮ ಮೊದಲ ಅಂಕಣದಲ್ಲಿಯೇ ಮುರಿದು ಬೀಳುತ್ತದೆ. ಕನ್ನಡದಲ್ಲಿ ಮನಸ್ಸಿನ ಶಾಸ್ತ್ರವನ್ನು ಬರೆಯಲು ಪದಗಳಿಲ್ಲವೆಂಬುದು ಇದಕ್ಕೆ ಸಮರ್ಥನೆಯಾಗಲಾರದು. ಎಂ. ಶಿವರಾಂ ಅವರ ‘ಮನಮಂಥನ’ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು, ನಿಮ್ಹಾನ್ಸ್‌ನ ಸಿ. ಆರ್. ಚಂದ್ರಶೇಖರ್ ಜನಸಾಮಾನ್ಯರಿಗಾಗಿ ದಶಕಗಳ ಕಾಲ ಕನ್ನಡದಲ್ಲಿ ಬರೆದರು. ಈ ಸಾಹಿತ್ಯ ರೋಗಿಗಳ ಮನೆಯನ್ನು ತಲುಪಿತು, ಶುಶ್ರೂಷಾ ತರಗತಿಯನ್ನು ತಲುಪಲಿಲ್ಲ.

2021ರಲ್ಲಿ ಪರಿಷತ್ತು ಪದವಿ ಪಠ್ಯಕ್ರಮವನ್ನು ಪರಿಷ್ಕರಿಸಿ ಸೆಮಿಸ್ಟರ್ ಪದ್ಧತಿಗೆ ತಂದಾಗ ವಿಷಯದ ಹೆಸರು ‘ಅನ್ವಯಿಕ ಮನಶ್ಶಾಸ್ತ್ರ’ ಎಂದಾಯಿತು. ಆದರೆ ಅದರ ಸ್ಥಾನ ಮೊದಲ ಸೆಮಿಸ್ಟರಿನಲ್ಲಿಯೇ ಇದೆ, ಅವಧಿ 60 ಗಂಟೆ. ಅನ್ವಯ ವಾರ್ಡಿನವರೆಗೆ ತಲುಪಿತೇ ಎಂಬುದನ್ನು ಅಳೆಯಲು ನಿಯಮಾವಳಿಗಳು ಸಾಲವು. ಅದಕ್ಕೆ ಬೇಕಾದ ಆಕರಗಳು ವಿದ್ಯಾರ್ಥಿನಿಯರ ಪ್ರಾಯೋಗಿಕ ದಾಖಲೆ ಪುಸ್ತಕಗಳು. ಅಂಕ ಬಿದ್ದ ಮೇಲೆ ಅವುಗಳನ್ನು ಸಂಗ್ರಹಯೋಗ್ಯವೆಂದು ಭಾವಿಸುವುದು ವಿರಳ. ರೋಗಿಗಳ ಗುರುತು ಮರೆಮಾಡಿ ಅವುಗಳಲ್ಲಿ ಕೆಲವನ್ನಾದರೂ ಉಳಿಸುವ ಏರ್ಪಾಡು ಕಾಲೇಜು ಗ್ರಂಥಾಲಯಗಳಲ್ಲಿ ಆಗಬೇಕಾಗಿದೆ, ಸಾಧ್ಯವಾದಲ್ಲಿ ಮೊದಲ ಅಂಕಣ ಕನ್ನಡದಲ್ಲಿಯೇ ಇರುವಂತೆ.